ಎರಡನೆಯ ಎಲೆ

ನಮ್ಮ ಕೊಟ್ರಮ್ಮಕ್ಕ ಮಾನಮಿ ಅಮಾವಾಸ್ಯೆಯ ದಿನ ಒಂದು ತುತ್ತು ಉಂಡದ್ದನ್ನು ನಾನು ಈ ಮನೆಗೆ ಸೊಸೆಯಾಗಿ ಬಂದಾಗಿನಿಂದ ನೋಡಿರಲಿಲ್ಲ. ಅವಳು ನನ್ನ ಗಂಡನ ಅಣ್ಣ ಸಂಗಮೇಶ್ ಭಾವನ ಹೆಂಡತಿ. ಸಂಬಂಧದಲ್ಲಿ ನೆಗೆಣ್ಣಿ, ಬಾಯಿಮಾತಿನಲ್ಲಿ ಅಕ್ಕ. ಬಳ್ಳಾರಿಯ ಕೌಲ್ ಬಜಾರಿನಲ್ಲಿ ನಮ್ಮದು ಒಂದೇ ಅಂಗಳದ ಎರಡು ಮನೆ. ಅಂಗಳದ ಮೂಲೆಯಲ್ಲಿ ಅಕ್ಕನ ರೊಟ್ಟಿ ಒಲೆ. ಆಸ್ಪತ್ರೆಯಲ್ಲಿ ರೋಗಿಯ ಜೊತೆ ಕೂತವರಿಗೆ, ಜೀನ್ಸ್ ಹೊಲಿಯುವ ಹುಡುಗಿಯರ ಡಬ್ಬಿಗೆ, ಮದುವೆ ಮನೆಗೆ, ಎಲ್ಲಕ್ಕೂ ಅವಳ ಖಡಕ್ ರೊಟ್ಟಿಯೇ ಹೋಗಬೇಕು. ಅವಳು ರೊಟ್ಟಿ ಬಡಿಯುವ ಸದ್ದು ಕೇಳದಿದ್ದರೆ ನಮ್ಮ ಓಣಿಗೆ ಬೆಳಗಾಗುವುದಿಲ್ಲ. ಜಗಳಕ್ಕೆ ನಿಂತರೂ ಅಷ್ಟೇ ಗಟ್ಟಿ. ಜೋಳ ತೂಗುವವನು ತಕ್ಕಡಿಗೆ ಬೆರಳು ತಾಗಿಸಿದರೆ ಅವನ ಏಳು ತಲೆಮಾರು ಅಂಗಳಕ್ಕೆ ಬಂದು ನಿಲ್ಲುತ್ತದೆ.

ಇಂಥ ಹೆಂಗಸು ಹಬ್ಬ ಬಂತೆಂದರೆ ಸೋತುಹೋಗುತ್ತಿದ್ದಳು. ಯುಗಾದಿ, ದೀಪಾವಳಿಗೆ ಸ್ವಲ್ಪ. ಮಾನಮಿ ಅಮಾವಾಸ್ಯೆಗಂತೂ ಪೂರಾ. ದಸರೆಗೆ ಮುಂಚಿನ ಈ ಅಮಾವಾಸ್ಯೆ ನಮ್ಮಲ್ಲಿ ಹಿರಿಯರಿಗೆ ಎಡೆ ಇಡುವ ದಿನ. ಲಿಂಗೈಕ್ಯರಾದವರು ಊಟಕ್ಕೆ ಬರುವುದಿಲ್ಲ ಎಂದು ನಮ್ಮ ಅಯ್ಯನವರು ವರ್ಷವರ್ಷ ಹೇಳುತ್ತಾರೆ. ಹೇಳಿ, ಅವರ ಬದಲಿಗೆ ತಾವೇ ಎಲೆಯ ಮುಂದೆ ಕೂರುತ್ತಾರೆ. ಅಕ್ಕನ ಕಾಟ ಹಿಂದಿನ ದಿನ ದೀಪ ಹಚ್ಚುವ ಹೊತ್ತಿಗೇ ಶುರುವಾಗುತ್ತಿತ್ತು. ಮೊದಲು ಮಣಿಕಟ್ಟು ಬಿಗಿಯುವುದು. ಆಮೇಲೆ ಮೈ ತಣ್ಣಗಾಗುವುದು, ಉಸಿರು ಮೇಲಕ್ಕೇ ಸಿಕ್ಕಿಕೊಳ್ಳುವುದು. ಮರುದಿನ ಮಧ್ಯಾಹ್ನ ನಾವೆಲ್ಲ ಹೋಳಿಗೆಗೆ ತುಪ್ಪ ಹಾಕಿಕೊಳ್ಳುವ ಹೊತ್ತಿಗೆ ಅವಳ ಹೊಟ್ಟೆ ತುಂಬಿಬಿಟ್ಟಿರುತ್ತಿತ್ತು.

"ಉಂಡಂಗ ಆಗೇತಿ ಶೀಲಾ. ಬಾಯಾಗ ಬೆಲ್ಲದ ರುಚಿ ಐತಿ," ಎನ್ನುತ್ತಿದ್ದಳು. ಬೆಳಗಿನಿಂದ ಒಂದು ಗುಟುಕು ಚಹಾ ಕೂಡ ಕುಡಿಯದವಳು.

ನಾನು ದೆವ್ವ ಗಾಳಿ ನಂಬುವವಳಲ್ಲ. ಹಾಗೆಂದು ದಾರಿಯಲ್ಲಿ ಬಿದ್ದ ಮಂತ್ರಿಸಿದ ನಿಂಬೆಹಣ್ಣು ದಾಟುವವಳೂ ಅಲ್ಲ. ಹಬ್ಬದ ಅಡುಗೆ ಮಾಡಿ ಮಾಡಿ ಅದರ ವಾಸನೆಗೇ ಹೊಟ್ಟೆ ತುಂಬಿರಬೇಕು ಎಂದು ನನಗೆ ನಾನೇ ಹೇಳಿಕೊಂಡಿದ್ದೆ. ಸಂಗಮೇಶ್ ಭಾವ ಮಾತ್ರ ಸುಮ್ಮನೆ ಕೂರಲಿಲ್ಲ. ಗ್ಯಾಸಿನ ಗುಳಿಗೆ, ದರ್ಗಾದ ತಾಯಿತ, ಎದೆಯ ಇಸಿಜಿ ತೆಗೆಸುವುದು, ಎಲ್ಲ ಆಯಿತು. ಹೋದ ವರ್ಷದ ಮಾನಮಿಗೆ ಅಕ್ಕನ ತುಟಿ ನೀಲಿಯಾಗಿ ಆಟೋದಲ್ಲಿ ಹಾಕಿಕೊಂಡು ಆಸ್ಪತ್ರೆಗೆ ಓಡಬೇಕಾಯಿತು. ಆ ದಿನ ನಾನು ಹೆದರಿದೆ. ಹಬ್ಬ ವರ್ಷವರ್ಷವೂ ಬರುತ್ತದೆ. ಅಕ್ಕ ಎಷ್ಟು ಹಬ್ಬ ತಡೆದಾಳು?

ಎದೆಯಲ್ಲಿ ಏನೂ ಇಲ್ಲ ಎಂದು ಅಲ್ಲಿಯವರು ಮನಸ್ಸಿನ ಡಾಕ್ಟರ ಹತ್ತಿರ ಕಳಿಸಿದರು. ಮೇಘಾ ಎಂಬ ಚಿಕ್ಕ ವಯಸ್ಸಿನ ಹೆಣ್ಣುಮಗಳು. ಮಾತ್ರೆಗಿಂತ ಮಾತು ಜಾಸ್ತಿ.

"ಹಬ್ಬ ಅಂದ್ರೆ ನಿಮ್ಮ ಮೈ ಹೆದರುತ್ತೆ ಅಮ್ಮ. ಮೈಗೆ ಸಮಾಧಾನ ಹೇಳೋದು ನೀವೇ ಕಲೀಬೇಕು," ಎಂದರು. "ದಿನಾ ಕಣ್ಣು ಮುಚ್ಚಿ ಕೂತು, ಹೊಟ್ಟೆ ಮೇಲೆ ಕೈ ಇಟ್ಟು ನಿಧಾನಕ್ಕೆ ಉಸಿರು ಬಿಡಿ. ನಿಮಗೆ ಒಳ್ಳೇದು ಮಾಡಿದವರನ್ನ ಒಬ್ಬೊಬ್ಬರನ್ನಾಗಿ ನೆನೆಸಿ. ಹೆಸರು ಹಿಡಿದು ಧನ್ಯವಾದ ಹೇಳಿ. ಹಬ್ಬ ಹತ್ತಿರ ಬಂದಾಗ ಒಂದಿನಾನೂ ತಪ್ಪಿಸಬೇಡಿ."

"ಧನ್ಯವಾದ ಅಂತ ಅನ್ನಾಕ ನಾನೇನು ಭಾಷಣ ಮಾಡಾಕ ಬಂದೀನೇನ್ರಿ ಡಾಕ್ಟರಮ್ಮ?" ಎಂದಳು ಅಕ್ಕ.

ಅವಳು ಹೇಳಿದ್ದೂ ನಿಜ. ನಮ್ಮ ಕಡೆ ಉಪಕಾರ ಮಾಡಿದವರಿಗೆ ಧನ್ಯವಾದ ಅನ್ನುವವರು ಯಾರು? ಉಂಡು ಹೋಗ್ರಿ ಅನ್ನುತ್ತೇವೆ. ತೀರ ದೊಡ್ಡ ಉಪಕಾರವಾದರೆ, ನಿನ್ನ ಹೊಟ್ಟೆ ತಣ್ಣಗಿರಲಿ ಎಂದು ಹರಸುತ್ತೇವೆ. ಅಕ್ಕ ಅದನ್ನೇ ಹಿಡಿದಳು. ಮರುದಿನ ಬೆಳಿಗ್ಗೆ ರೊಟ್ಟಿ ಒಲೆ ಹಚ್ಚುವ ಮುಂಚೆ ಮಣೆಯ ಮೇಲೆ ಕೂತು ಶುರು ಮಾಡಿಯೇಬಿಟ್ಟಳು. ಹಾಲು ಹಾಕುವ ಎರ್ರಿಯ ಹೊಟ್ಟೆ ತಣ್ಣಗಿರಲಿ. ಬಸ್ಸಿನಲ್ಲಿ ಬಿಟ್ಟ ಚೀಲ ಮನೆಗೆ ತಂದುಕೊಟ್ಟ ಕಂಡಕ್ಟರನ ಹೊಟ್ಟೆ ತಣ್ಣಗಿರಲಿ. ಹೆರಿಗೆಯಲ್ಲಿ ತನ್ನ ಕೈ ಬಿಡದೆ ನಿಂತ ನರ್ಸಮ್ಮನ ಹೊಟ್ಟೆ ತಣ್ಣಗಿರಲಿ.

"ಊರ ಮಂದಿ ಹೊಟ್ಟಿ ಎಲ್ಲಾ ತಣ್ಣಗ ಮಾಡಿಬಿಡು. ಆಮ್ಯಾಲೆ ನಿನ್ನ ರೊಟ್ಟಿ ಯಾರು ತಗೊಳ್ತಾರ?" ಎಂದು ನಾನು ರೇಗಿಸಿದೆ.

"ನಿನ್ನ ಬಾಯಿನೂ ತಣ್ಣಗಿರ್ಲಿ ಲೇ," ಎಂದಳು ಕಣ್ಣು ಬಿಡದೆ.

ನಗುತ್ತ ನಗುತ್ತ ನಾನೂ ಪಕ್ಕದಲ್ಲಿ ಕೂರುವುದು ರೂಢಿಯಾಯಿತು. ಸುಳ್ಳೇಕೆ ಹೇಳಲಿ, ನನಗೇ ನಿದ್ದೆ ಚೆನ್ನಾಗಿ ಬರತೊಡಗಿತು. ಅಕ್ಕನ ಸಿಡುಕು ಇಳಿಯಿತು. ಬೇಸಿಗೆ ಕಳೆಯಿತು, ಶ್ರಾವಣ ಕಳೆಯಿತು, ಯುಗಾದಿಗೆ ಮೈ ಸ್ವಲ್ಪ ತಣ್ಣಗಾದದ್ದು ಬಿಟ್ಟರೆ ಉಸಿರು ಒಮ್ಮೆಯೂ ಕೈಕೊಡಲಿಲ್ಲ. ಭಾವ ಡಾಕ್ಟರಮ್ಮನಿಗೆ ಒಂದು ಕಟ್ಟು ರೊಟ್ಟಿಯನ್ನೂ ಶೇಂಗಾ ಚಟ್ನಿಯನ್ನೂ ಕೊಟ್ಟು ಬಂದರು.

ಆದರೆ ಒಂದು ಸಂಗತಿಯನ್ನು ನಾನು ಗಮನಿಸುತ್ತಿದ್ದೆ. ಎಲ್ಲರ ಹೆಸರೂ ಮುಗಿದ ಮೇಲೆ ಅಕ್ಕ ಎದ್ದುಬಿಡುತ್ತಿರಲಿಲ್ಲ. ಬಾಯಿ ಅರ್ಧ ತೆರೆದು ಸುಮ್ಮನೆ ಕೂರುತ್ತಿದ್ದಳು, ಸಾಲಿನಲ್ಲಿ ಇನ್ನೂ ಒಬ್ಬರು ನಿಂತಿರುವಂತೆ. ಮಳೆಗಾಲ ಮುಗಿಯುತ್ತ ಬಂದಂತೆ ಆ ಸುಮ್ಮನಿರುವಿಕೆ ದೊಡ್ಡದಾಯಿತು. ಅಂಗಳದಲ್ಲಿ ಬಟ್ಟೆ ಒಣಗಿಸದ ದಿನವೂ ಒದ್ದೆ ಕೌದಿಯ ವಾಸನೆ ಬರುತ್ತಿತ್ತು. ನನಗೆ ಬಂದದ್ದು ಅಕ್ಕನಿಗೆ ಬಾರದೆ ಇದ್ದೀತೇ ಎಂದುಕೊಂಡೆ, ಆದರೆ ಕೇಳಲಿಲ್ಲ. ಕೇಳಿದರೆ ಅದಕ್ಕೊಂದು ಆಕಾರ ಬಂದುಬಿಡುತ್ತದೆಂದು ಭಯ.

ಈ ವರ್ಷದ ಅಮಾವಾಸ್ಯೆಯ ಹಿಂದಿನ ಸಂಜೆ ಹೂರಣಕ್ಕೆ ಬೇಳೆ ಬೇಯಲು ಇಟ್ಟು ಇಬ್ಬರೂ ಮಣೆಯ ಮೇಲೆ ಕೂತೆವು. ಹಿಟ್ಟು ನಾದಬೇಕೆಂದು ಅಕ್ಕ ಗಾಜಿನ ಬಳೆಗಳನ್ನೆಲ್ಲ ತೆಗೆದು ತಟ್ಟೆಯಲ್ಲಿಟ್ಟಿದ್ದಳು. ಹೆಸರುಗಳು ಒಂದೊಂದಾಗಿ ಮುಗಿದವು. ಮತ್ತೆ ಆ ಮೌನ. ಮಗ್ಗುಲ ಮನೆಯವರು ದೀಪ ಹಚ್ಚಿ ಗಂಟೆ ಬಾರಿಸಿದರು. ಆಗ ಅಕ್ಕ ಕಣ್ಣು ಮುಚ್ಚಿಕೊಂಡೇ, ಚಿಕ್ಕ ಹುಡುಗಿಯ ದನಿಯಲ್ಲಿ ಅಂದಳು.

"ಬಳಿ ಸಣ್ಣವು ಅದಾವು. ಕೈಗಿ ಹಿಡೀವಲ್ಲವು."

ನಾನು ಅವಳ ಕೈ ನೋಡಿದೆ. ಬರಿಗೈ. ಬರಿಯ ಮಣಿಕಟ್ಟಿನ ಮೇಲೆ ಕೆಂಪು ಗೆರೆಗಳು ಒಂದರ ಪಕ್ಕ ಒಂದು ಮೂಡುತ್ತಿದ್ದವು, ಕಾಣದ ಬಳೆ ಯಾರೋ ಒತ್ತಿ ಒತ್ತಿ ಏರಿಸುತ್ತಿರುವ ಹಾಗೆ. ನನ್ನ ಕಣ್ಣೆದುರೇ ಮೂಡಿದವು. ಮುಟ್ಟಿದೆ. ಚರ್ಮ ಬಾವಿಯ ಕಲ್ಲಿನಷ್ಟು ತಣ್ಣಗಿತ್ತು. ನಾನು ಕೂಗಿಕೊಂಡೆನೇನೋ, ಅಕ್ಕ ಕಣ್ಣು ಬಿಟ್ಟಳು. ಉಸಿರಿಗಾಗಿ ಒದ್ದಾಡಿ, ನನ್ನ ಸೆರಗು ಹಿಡಿದು, ಬಹಳ ಹೊತ್ತಿನ ಮೇಲೆ ಸುಧಾರಿಸಿಕೊಂಡಳು.

"ಒಬ್ಬರನ್ನ ಬಿಟ್ಟೀನಿ ಶೀಲಾ. ಅವರ ಹೆಸರ ಗೊತ್ತಿಲ್ಲ ನಂಗ," ಎಂದಳು.

ಆ ಸಂಜೆ ಅಕ್ಕ ನನಗೆ ಹೇಳಿದ್ದು ಇದು. ಅವಳಿನ್ನೂ ಸಾಲೆಗೆ ಹೋಗುವ ಹುಡುಗಿ. ತವರು ಕುರುಗೋಡು. ಮಾನಮಿಯ ಮುಂಚೆ ಅವಳ ತಾಯಿ ಅವಳನ್ನೂ ಕರೆದುಕೊಂಡು ಸಂಬಂಧಿಕರ ಜೊತೆ ಸಿರುಗುಪ್ಪದ ಆಚೆ ರಾರಾವಿಯ ಹತ್ತಿರ ಹೊಳೆಗೆ ಹೋಗಿದ್ದಳು. ಹಬ್ಬಕ್ಕೆ ಮುಂಚೆ ಮನೆಯ ಹಾಸಿಗೆ ಹೊದಿಕೆ ಎಲ್ಲ ತೊಳೆಯಬೇಕಲ್ಲ, ಗಾಡಿ ತುಂಬ ಕೌದಿ. ಒಂದು ಕೌದಿ ಹೊಳೆಯಲ್ಲಿ ತೇಲಿಹೋಯಿತು. ಹುಡುಗಿ ಅದರ ತುದಿ ಹಿಡಿದಳು. ನೀರು ಕುಡಿದ ಕೌದಿ ಅವಳನ್ನೇ ಎಳೆದುಕೊಂಡು ಹೋಯಿತು.

"ಕಣ್ಣಿಗಿ ಏನೂ ಕಾಣಲಿಲ್ಲ. ಅಂಗಾಲಿಗಿ ಒಂದು ಕೈ ಹತ್ತಿತು. ಅಂಗೈ. ಮ್ಯಾಲಕ್ಕ ನೂಕಿತು. ನಾ ಮ್ಯಾಲ ಬಂದೆ, ಆ ಕೈ ಮ್ಯಾಲ ಬರಲಿಲ್ಲ," ಎಂದಳು ಅಕ್ಕ. "ಯಾರ ಕೈ ಅಂತ ಕೇಳಿದ್ರ ನಮ್ಮಪ್ಪ ಹೊಡ್ಯಾಕ ಬರ್ತಿದ್ದ. ಸತ್ತೋರ ಹೆಸರು ಹಿಡಿದು ಕರೀಬಾರದು, ಬರ್ತಾರ ಅಂತಿದ್ದ. ಅವತ್ತಿನಿಂದ ನಂಗ ಹೊಳಿ ತೋರಿಸಿಲ್ಲ. ಈಗ ಡಾಕ್ಟರಮ್ಮ ಎಲ್ಲಾರ ಹೆಸರೂ ಹೇಳು ಅಂದಾಳ. ಆ ಒಂದು ಹೆಸರು ಹೇಳದ ನಾ ಮುಂದಿನ ಮಾನಮಿ ನೋಡಂಗಿಲ್ಲ ಶೀಲಾ. ನಂಗ ತಿಳೀತೈತಿ."

ಹಬ್ಬದ ದಿನ ಮನೆಯ ಸೊಸೆಯರಿಬ್ಬರೂ ಊರು ಬಿಟ್ಟರೆ ಹಿರಿಯರಿಗೆ ಎಡೆ ಇಡುವವರು ಯಾರು? ಭಾವ ಅಕ್ಕನ ಮಣಿಕಟ್ಟು ನೋಡಿ, ನಾವೇ ಇಡ್ತೀವಿ, ಹೋಗಿ ಬರ್ರಿ ಎಂದರು. ಬೆಳಿಗ್ಗೆ ಮೊದಲ ಬಸ್ಸಿಗೆ ಕುರುಗೋಡು ತಲುಪಿದೆವು.

ಅಕ್ಕನ ತಂದೆ ಮರಿಬಸಪ್ಪನವರು ಮಗ ಜಂಬುನಾಥನ ತುಂಬಿದ ಮನೆಯಲ್ಲಿ ಸುಖವಾಗಿದ್ದವರು. ಹಣೆ ತುಂಬ ವಿಭೂತಿ, ಬಾಯಿ ತುಂಬ ಅಧಿಕಾರ. ಮಗಳು ವಿಷಯ ಎತ್ತಿದ ಕೂಡಲೇ ನನ್ನ ಕಡೆ ತಿರುಗಿ, "ಇದೆಲ್ಲಾ ನಿಂದ ಉಪದೇಶ ಏನವ್ವ?" ಎಂದರು. ನಾನು ಸೊಸೆಯಂತೆ ತಲೆ ತಗ್ಗಿಸಿ, ಅಕ್ಕನ ಕೈ ಹಿಡಿದು ಅವರ ಮುಂದೆ ಚಾಚಿದೆ. ಗೆರೆಗಳು ಇನ್ನೂ ಹೋಗಿರಲಿಲ್ಲ.

"ಇದನ್ನ ನೋಡ್ರಿ. ನೋಡಿ ಹೆಸರು ಹೇಳ್ರಿ," ಎಂದೆ, ಸೊಸೆಯಂತಲ್ಲದ ದನಿಯಲ್ಲಿ.

ಮುದುಕರು ಗೆರೆಗಳನ್ನು ಬೆರಳಿನಿಂದ ಮುಟ್ಟಿ ನೋಡಿದರು. ಅಧಿಕಾರ ಎಲ್ಲಿ ಹೋಯಿತೋ, ಅಂಗವಸ್ತ್ರದಿಂದ ಬಾಯಿ ಮುಚ್ಚಿಕೊಂಡರು.

"ಓಬಳೇಶ ಅಂತ. ಗಾಡಿ ಕಟ್ಟಿ ಆ ಕಡಿ ಬೀಗರ ಊರಿಗಿ ಬಂದಿದ್ದ, ಎತ್ತಿನ ಮೈ ತೊಳ್ಯಾಕ ಹೊಳಿಗಿ ಇಳಿದಿದ್ದ. ಹೆಂಡ್ತಿ, ಎದಿಹಾಲು ಕುಡಿಯೋ ಕೂಸು ದಂಡಿ ಮ್ಯಾಗ ಇದ್ರು. ನೀ ಕೆಳಗ ತೇಲಿಹೋಗಿ ಆಚಿ ದಂಡಿಯ ಮಂದಿ ಕೈಗಿ ಸಿಕ್ಕಿ. ಅವ್ನ ಕಾಲಿಗಿ ಆ ಕೌದಿ ಸುತ್ತಿಕೊಂಡಿತ್ತು," ಎಂದರು. "ಬಾದನಹಟ್ಟಿಯವ."

ಬಾದನಹಟ್ಟಿ ಎಂದರೆ ಕುರುಗೋಡಿನಿಂದ ಎಷ್ಟು ದೂರ? ಆಟೋದಲ್ಲಿ ಕೂತು ಎರಡು ಮಾತಾಡುವಷ್ಟರಲ್ಲಿ ಬರುವ ಊರು. ಅಕ್ಕ ಹುಟ್ಟಿ ಬೆಳೆದ ಊರಿನ ಮಗ್ಗುಲಲ್ಲೇ.

"ಆ ರಸ್ತಿಗಿ ನನ್ನ ಒಂದಿನಾನೂ ಕಳಿಸಲಿಲ್ಲ," ಎಂದಳು.

"ಯಾವ ಮುಖ ತಗೊಂಡು ಹೋಗ್ಲಿ ನಾನು? ನಿನ್ನ ಮಗಳು ಅದಾಳ, ನನ್ನ ಗಂಡ ಇಲ್ಲ ಅಂದ್ರ ಏನಂತ ಹೇಳ್ಲಿ? ಮುಂದಿನ ವರ್ಷ ಹೋದ್ರಾತು, ಮುಂದಿನ ವರ್ಷ ಹೋದ್ರಾತು ಅಂದೆ. ನಮ್ಮವ್ವ ಬ್ಯಾರೆ ಹೆದರಿಸಿದ್ಲು. ಹೊಳಿ ಒಂದು ಜೀವ ಬಿಟ್ಟು ಒಂದು ತಗೊಂಡೈತಿ, ಆ ಮನಿ ಹೊಸ್ತಿಲ ತುಳಿದ್ರ ಅದು ತಿರುಗಿ ಕೇಳ್ತೈತಿ ಅಂದ್ಲು." ಮುದುಕರು ಮಗಳ ಸೆರಗು ಹಿಡಿದರು. "ಬ್ಯಾಡ ಕೊಟ್ರವ್ವ. ಇವತ್ತು ಬ್ಯಾಡ. ಅಮಾಸಿ ಐತಿ."

ಅಕ್ಕ ಮೆಲ್ಲಗೆ ಸೆರಗು ಬಿಡಿಸಿಕೊಂಡಳು. ಆಟೋ ದೊಡ್ಡಬಸವಣ್ಣನ ಗುಡಿ ದಾಟುವಾಗ ಕೈ ಮುಗಿಯಲೂ ಇಲ್ಲ. ತೊಡೆಯ ಮೇಲೆ ಕೈ ಇಟ್ಟುಕೊಂಡು, ಓಬಳೇಶ, ಓಬಳೇಶ ಎಂದು ಪಾಠದ ಹಾಗೆ ಬಾಯಲ್ಲೇ ಹೇಳಿಕೊಳ್ಳುತ್ತಿದ್ದಳು. ಎರಡೂ ಕಡೆ ಹಸಿರು ಗದ್ದೆ, ಕಾಲುವೆಯ ತುಂಬ ನೀರು. ಅಕ್ಕ ಆ ಕಡೆ ಕಣ್ಣು ಹಾಕಲಿಲ್ಲ.

ಬಾದನಹಟ್ಟಿಯಲ್ಲಿ ಓಬಳೇಶನ ಮನೆ ಕೇಳಿದರೆ ಯಾರಿಗೂ ಗೊತ್ತಾಗಲಿಲ್ಲ. ಟ್ರ್ಯಾಕ್ಟರ್ ಉಮಾಪತಿಯ ತಾಯಿ ಗಾದೆಮ್ಮನ ಮನೆಯೇ ಎಂದು ಒಬ್ಬ ಮುದುಕಿ ದಾರಿ ತೋರಿಸಿದಳು. ತಗಡಿನ ಮಾಡಿನ ಸ್ವಚ್ಛವಾದ ಮನೆ, ಮುಂದೆ ಟ್ರ್ಯಾಕ್ಟರ್. ಒಳಗಿನಿಂದ ಮಾಂಸದ ಮಸಾಲೆಯ ವಾಸನೆ ಬರುತ್ತಿತ್ತು. ಕೆಲವು ಮನೆಗಳಲ್ಲಿ ಹಿರಿಯರಿಗೆ ಅವರು ಇಷ್ಟಪಡುತ್ತಿದ್ದುದನ್ನೇ ಇಡುತ್ತಾರೆ, ಅದು ಮಾಂಸವಾದರೆ ಮಾಂಸ. ಹೊಸಿಲಲ್ಲಿ ಕೂತಿದ್ದ ಹೆಂಗಸು, ತಲೆ ಬೆಳ್ಳಗೆ, ಮೈ ಸೆಟೆದು ನೆಟ್ಟಗೆ, ನಮ್ಮ ಹಣೆಯ ವಿಭೂತಿ ನೋಡಿ ಗಡಬಡಿಸಿ ಎದ್ದಳು.

"ಓಬಳೇಶಪ್ಪನೋರ ಮನಿ ಇದ ಏನ್ರಿ? ಕುರುಗೋಡಿನ ಕಡಿಂದ ಬಂದೀವಿ," ಎಂದೆ ನಾನು.

"ಅವ್ನ ಹೆಸರು ಹಿಡಿದು ಕೇಳ್ಕೊಂಡು ಬಂದೋರು ನೀವ ಮೊದಲು," ಎಂದಳು ಗಾದೆಮ್ಮ. ಯಾಕೆ ಬಂದಿರಿ ಎಂದು ಕೇಳುವುದು ಮರ್ಯಾದೆಯಲ್ಲ ಎಂದುಕೊಂಡಳೋ ಏನೋ. "ಕುಂದರ್ರಿ ತಾಯಿ. ಎಡಿ ಇಡೋ ಹೊತ್ತಾತು. ಇಟ್ಟು ಬಂದು ಮಾತಾಡ್ತೀನಿ. ನಮ್ಮನ್ಯಾಗ ನೀವು ಉಣ್ಣಂಗಿಲ್ಲ ಅಂತ ಗೊತ್ತೈತಿ, ಬಾಳಿಹಣ್ಣರ ತಿನ್ರಿ."

ಬಾಗಿಲಿನಿಂದ ಒಳಕೋಣೆ ಕಾಣುತ್ತಿತ್ತು. ಗೋಡೆಯ ಬುಡದಲ್ಲಿ ಎರಡು ಬಾಳೆ ಎಲೆ. ಒಂದರ ಮುಂದೆ ಹೊಸ ಪಂಚೆ, ಅಂಗಿ, ಬೀಡಿ ಕಟ್ಟು. ಎರಡನೆಯ ಎಲೆ ಚಿಕ್ಕದು. ಅದರ ಮುಂದೆ ತಂಬಿಗೆಗೆ ಸುತ್ತಿದ ಒಂದು ಪುಟ್ಟ ಲಂಗ, ಒಂದು ಪುಟ್ಟ ರವಿಕೆ. ಮಗುವಿನ ಕೈಗೆ ಆಗುವಂಥ ಹಸಿರು ಗಾಜಿನ ಬಳೆಗಳನ್ನು ತಂಬಿಗೆಯ ಕೊರಳಿಗೆ ಬಿಗಿಯಾಗಿ ಏರಿಸಿದ್ದರು.

ಅಕ್ಕನ ಕೈ ನನ್ನ ಕೈಯಲ್ಲಿತ್ತು. ಅದು ಮತ್ತೆ ತಣ್ಣಗಾಗುತ್ತ ಹೋದದ್ದು ನನಗೆ ಗೊತ್ತಾಯಿತು.

"ಆ ಸಣ್ಣ ಎಲಿ ಯಾರದ್ರಿ?" ಎಂದು ನಾನೇ ಕೇಳಿದೆ.

"ಅದಾ? ಅವ್ನ ಜೋಡಿ ಹೋದ ಕೂಸಿಂದು," ಎಂದಳು ಗಾದೆಮ್ಮ, ಪಾಯಸ ಬಡಿಸುತ್ತ. "ರಾರಾವಿ ಹೊಳ್ಯಾಗ. ಅದನ್ನ ಹಿಡ್ಯಾಕ ಅಂತ ಹೋದ. ಇವ್ನು ಸಿಕ್ಕ, ಕೂಸು ಸಿಗಲಿಲ್ಲ. ಕೆಳಗ ಹೋತು, ಇನ್ನ ಸಿಗಂಗಿಲ್ಲ ಅಂದ್ರು ಮಂದಿ. ಅವ್ನ ಹೆಣ ಗಾಡ್ಯಾಗ ಹಾಕ್ಕೊಂಡು ನಾವು ಅವತ್ತ ಬಂದ್ವಿ. ಯಾವೂರ ಕೂಸೋ, ಹೆಸರೇನೋ. ಲಿಂಗವಂತರದು. ಬೆಳಿಗ್ಗಿ ಅದು ನೀರು ಕೇಳಿದಾಗ ನಾ ಚೆರಗಿ ಕೊಡಾಕ ಹೋದ್ರ ಅವರವ್ವ ಬ್ಯಾಡಂದ್ಲು. ಅದಕ್ಕ ನೋಡ್ರಿ, ಪ್ರತಿ ಮಾನಮಿಗಿ ಮೊದಲು ಅದರ ಅಡಿಗಿ. ಬ್ಯಾರೆ ಗಡಿಗಿ, ಬ್ಯಾರೆ ಒಲಿ. ಬೆಲ್ಲದ ಪಾಯ್ಸ, ಹೋಳಿಗಿ. ಅದು ಇಳಿಸಿದ ಮ್ಯಾಲ ಮಸಾಲಿ ಹಚ್ಚೋದು. ನಮ್ಮ ಮಸಾಲಿ ತಾಗಿದ್ರ ಕೂಸು ಉಣ್ಣದ ಹೋದೀತು."

ಅಡುಗೆಮನೆಯಲ್ಲಿದ್ದ ಅವಳ ಸೊಸೆ ಬಾಗಿಲಿಗೆ ಬಂದು ನಿಂತಳು. ಹೊರಗೆ ಉಮಾಪತಿ ಕೈಕಾಲು ತೊಳೆದು ಬಂದು ಗೋಡೆಗೆ ಒರಗಿ ನಿಂತ.

"ನಿನ್ನಿ ದೀಪ ಹಚ್ಚೋ ಹೊತ್ನ್ಯಾಗ ಬಳಿ ಏರ್ಸಿ ಕರದೀನಿ. ನಾಳೆ ಬಾ ತಾಯಿ ಅಂತ. ಯುಗಾದಿ, ದೀಪಾವಳಿಗಿನೂ ಒಂದು ತುತ್ತು ಎತ್ತಿ ಇಡ್ತೀನಿ," ಎಂದು ಗಾದೆಮ್ಮ ಮುಂದುವರಿಸಿದಳು. "ಮಂದಿ ನಗ್ತಾರ. ನಿನ್ನ ಗಂಡ ಹೋಗಿದ್ದಕ್ಕೂ ಕೂಸರ ಉಳೀತಾ, ಸುಮ್ಮನ ಸತ್ತ ಅಂತಾರ. ನಾ ಅಂಗ ಅನ್ನಂಗಿಲ್ಲ. ಆ ಕೂಸು ಜೋಡಿ ಐತಿ ಅಂತ ಅವ್ನು ಅಲ್ಲಿ ಒಬ್ನ ಇಲ್ಲ. ಅವ್ನಿಗಿ ಒಬ್ನ ಇರಾಕ ಬರ್ತಿರಲಿಲ್ಲರಿ, ಭಾಳ ಮಾತುಗಾರ. ಅದಕ್ಕ ಅವ್ನಿಗಿಂತ ಮೊದಲು ಆ ಕೂಸಿಗಿ ಕೈ ಮುಗೀತೀನಿ. ನಿನ್ನ ಹೊಟ್ಟಿ ತಣ್ಣಗಿರ್ಲಿ ಅಂತೀನಿ."

ನನಗೆ ಆಗ ಓಡಿಹೋಗಬೇಕೆನಿಸಿತು. ನಿಜವಾಗಿ ಹೇಳುತ್ತೇನೆ, ಅಕ್ಕನ ಕೈ ಹಿಡಿದೆಳೆದು ಆಟೋ ಹತ್ತಬೇಕೆನಿಸಿತು. ಇಷ್ಟು ವರ್ಷ ಒಬ್ಬ ಹೆಂಗಸು ಬದುಕಿರುವವಳನ್ನು ಸತ್ತವರ ಸಾಲಿಗೆ ಊಟಕ್ಕೆ ಕರೆದಿದ್ದಾಳೆ, ಪ್ರೀತಿಯಿಂದ, ಮಡಿಯಿಂದ. ಯಾರೂ ಬಂದು ಒಂದು ಮಾತು ಹೇಳಲಿಲ್ಲವಾದ್ದರಿಂದ ಕರೆದಿದ್ದಾಳೆ. ಈಗ ಸುಮ್ಮನೆ ಎದ್ದು ಹೋದರೆ ಮುಂದಿನ ಮಾನಮಿಗೂ ಕರೆಯುತ್ತಾಳೆ. ಹೇಳಿದರೆ ಇವಳ ಗಂಡ ಅಲ್ಲಿ ಒಂಟಿಯಾಗುತ್ತಾನೆ.

ಅಕ್ಕ ನನ್ನ ಕೈ ಬಿಟ್ಟಳು. ಹೊಸಿಲು ದಾಟಿ ಒಳಗೆ ಹೋಗಿ ಆ ಚಿಕ್ಕ ಎಲೆಯ ಹತ್ತಿರ ನಿಂತಳು.

"ಅವ್ವಾ, ಇದು ನನ್ನ ಎಲಿ," ಎಂದಳು.

ಗಾದೆಮ್ಮನ ಕೈಯಿಂದ ಸೌಟು ಬಿತ್ತು. ಅವಳು ಅಕ್ಕನ ಮುಖ ನೋಡಲಿಲ್ಲ, ಕಾಲು ನೋಡಿದಳು. ಕಾಲು ನೆಲಕ್ಕೆ ತಾಗಿದೆಯೋ ಇಲ್ಲವೋ ಎಂದು. ಹಿಂದೆ ಹಿಂದೆ ಸರಿದು ಗೋಡೆಗೆ ಬೆನ್ನು ಕೊಟ್ಟಳು. "ದೊಡ್ಡಾಕಿ ಆಗಿ... ಅಲ್ಲೂ ಬೆಳೀತಾರೇನು?" ಎಂದಳು, ಯಾರಿಗೆ ಕೇಳಿದಳೋ. ಅಕ್ಕ ಕೂತು, ಅವಳ ಕೈ ಎಳೆದು ತನ್ನ ಕುತ್ತಿಗೆಗೆ ಇಟ್ಟುಕೊಂಡಳು. ಬಡಿಯುತ್ತಿದ್ದ ನರದ ಮೇಲೆ.

"ನಾ ಸತ್ತಿಲ್ಲವ್ವ. ಅವರು ನನ್ನ ಅಂಗಾಲು ಹಿಡಿದು ಮ್ಯಾಲಕ್ಕ ನೂಕಿದ್ರು. ಆಚಿ ದಂಡಿಗಿ ಸಿಕ್ಕೆ. ಮದುವಿ ಆಗೇತಿ. ಮಗಳು ಅದಾಳ, ಅನುಷಾ ಅಂತ, ಕಾಲೇಜಿಗಿ ಹೋಗ್ತಾಳ. ರೊಟ್ಟಿ ಮಾಡಿ ಮಾರ್ತೀನಿ. ನಮ್ಮಪ್ಪ ನಿಮಗ ಹೇಳಾಕ ಬರಲಿಲ್ಲ. ನಾವು ಯಾರೂ ಬರಲಿಲ್ಲ."

ಗಾದೆಮ್ಮ ಕೈ ತೆಗೆಯಲಿಲ್ಲ. ಬಿಸಿ ಇದೆಯೋ ಎಂದು ಮತ್ತೆ ಮತ್ತೆ ಒತ್ತಿ ನೋಡಿದಳು. ಮೊದಲು ಬಾಯಿಬಿಟ್ಟದ್ದು ಉಮಾಪತಿ.

"ಹಂಗಾರ ನಮ್ಮಪ್ಪ ಉಳಿಸಿದ," ಎಂದ. ಅಷ್ಟು ದೊಡ್ಡ ಆಳು ಮಗುವಿನ ಹಾಗೆ ಅಳತೊಡಗಿದ. "ಅವ್ವಾ, ಸುಮ್ಮನ ಸಾಯಲಿಲ್ಲವ್ವ ಅವ್ನು. ಉಳಿಸ್ಯಾನ."

ಗಾದೆಮ್ಮ ಅಳಲಿಲ್ಲ. "ನನ್ನ ಮುಂದ ಹೇಳಿದ್ದು ಸಾಕು. ಅವ್ನ ಮುಂದ ಹೇಳು," ಎಂದು ಎದ್ದಳು. ತಂಬಿಗೆಯ ಕೊರಳಿನ ಬಳೆಗಳನ್ನು ಒಂದೊಂದಾಗಿ ತೆಗೆದು ಮಡಿಲಿಗೆ ಹಾಕಿಕೊಂಡಳು. ಲೋಬಾನದ ಹೊಗೆ ಹಾಕಿ, ದೀಪ ಸರಿಮಾಡಿ, ನಮ್ಮನ್ನೆಲ್ಲ ಹೊರಗೆ ಕಳಿಸಿದಳು. ಎಡೆ ಇಟ್ಟ ಮೇಲೆ ಬಾಗಿಲು ಹಾಕುವುದು ಪದ್ಧತಿ. ಬಂದವರು ಉಣ್ಣುವಾಗ ಬದುಕಿರುವವರು ನೋಡಬಾರದು. ಅಕ್ಕನನ್ನು ಒಳಗೇ ಬಿಟ್ಟು ಗಾದೆಮ್ಮ ಬಾಗಿಲು ಎಳೆದುಕೊಂಡಳು.

ನಾವು ಪಡಸಾಲೆಯಲ್ಲಿ ಕೂತೆವು. ಒಳಗೆ ಅಕ್ಕನ ದನಿ ಕೇಳುತ್ತಿತ್ತು, ಮಾತು ತಿಳಿಯುತ್ತಿರಲಿಲ್ಲ. ಹೇಳುವಳು, ನಿಲ್ಲಿಸುವಳು, ಮತ್ತೆ ಹೇಳುವಳು. ನಿಲ್ಲಿಸಿದ ಹೊತ್ತು ಒಂದೊಂದು ಸಲ ಉದ್ದವಾಗುತ್ತಿತ್ತು. ಒಮ್ಮೆ ನಕ್ಕಳು. ಒದ್ದೆ ಕೌದಿಯ ವಾಸನೆ ಬಾಗಿಲ ಸಂದಿನಿಂದ ಬಂದು, ನನ್ನ ಮುಖದ ಮೇಲೆ ಹಾಯ್ದು, ಹೊರಗಿನ ಬಿಸಿಲಿಗೆ ಹೋಯಿತು. ಉಮಾಪತಿಯೂ ಮೂಗು ಮುಚ್ಚಿಕೊಂಡ. ನಾನು ಗಾದೆಮ್ಮನ ಕಡೆ ನೋಡಿದೆ. ಅವಳು ಕಿವಿಗೊಟ್ಟು ಕೇಳುತ್ತಿದ್ದಳು, ತವರಿನಿಂದ ಬಂದ ಫೋನಿಗೆ ಕಿವಿ ಕೊಟ್ಟವಳಂತೆ, ತುಟಿಯ ಮೇಲೆ ಸಣ್ಣ ನಗು.

ಗಾದೆಮ್ಮ ಕೆಮ್ಮಿ ಬಾಗಿಲು ತೆರೆದಾಗ ಅಕ್ಕನ ಮುಂದಿನ ಎಲೆ ಬರಿದಾಗಿತ್ತು. ಹೋಳಿಗೆ, ಪಾಯಸ, ಅನ್ನ, ಒಂದು ಅಗುಳೂ ಬಿಟ್ಟಿರಲಿಲ್ಲ. ಅವಳ ಹಣೆಯ ಮೇಲೆ ಬೆವರು. ಮಾನಮಿಯ ದಿನ ಅವಳ ಮೈ ಬೆಚ್ಚಗಿದ್ದುದನ್ನು ನಾನು ಮುಟ್ಟಿ ನೋಡಿದೆ.

"ಏನಂದ?" ಎಂದು ಕೇಳಿದಳು ಗಾದೆಮ್ಮ, ಸಂತೆಯಿಂದ ಬಂದವರನ್ನು ಕೇಳುವಂತೆ.

"ಇನ್ನ ಮನಿಗಿ ನಡಿ ಅಂದ್ರು," ಎಂದಳು ಅಕ್ಕ.

ಗಾದೆಮ್ಮ ತಲೆದೂಗಿದಳು. ಅಕ್ಕನ ಎಲೆ ತಾನೇ ಮಡಿಚಿ ಎತ್ತಿದಳು. ಎತ್ತುತ್ತ, "ಹಂಗಾರ ಈಗ ಒಬ್ನ ಅದಾನ," ಎಂದಳು. ನಮ್ಮನ್ನು ಕಳಿಸಲು ಓಣಿಯ ತುದಿಯವರೆಗೂ ಬಂದಳು. ಇದು ನಿನ್ನ ತವರುಮನೆ, ಹಬ್ಬಕ್ಕೆ ಬಾ ಎಂದು ಅಕ್ಕನ ತಲೆ ಸವರಿದಳು.

ಆ ದಸರೆಗೆ ಅಕ್ಕ ನಮ್ಮೆಲ್ಲರ ಜೊತೆ ಎಲೆ ಹಾಕಿಕೊಂಡು ಕೂತಳು. ಮೈ ತಣ್ಣಗಾಗಲಿಲ್ಲ, ಉಸಿರು ಸಿಕ್ಕಿಕೊಳ್ಳಲಿಲ್ಲ. ಡಾಕ್ಟರಮ್ಮ ಬಹಳ ಖುಷಿಯಾದರು. ಉಪಕಾರ ನೆನೆಯುವುದರಿಂದ ಎಷ್ಟು ಸಮಾಧಾನ ಸಿಗುತ್ತೆ ನೋಡಿ ಎಂದರು. ನಾನು ಹೌದ್ರಿ ಎಂದೆ. ಬೇರೆ ಏನೆನ್ನಲಿ?

ದೀಪಾವಳಿಗೆ ಇನ್ನೂ ಕೆಲವು ದಿನ ಇರುವಾಗ ಉಮಾಪತಿಯ ಫೋನು ಬಂತು. ಗಾದೆಮ್ಮನಿಗೆ ಕಾಯಿಲೆ ಕಸಾಲೆ ಏನೂ ಇರಲಿಲ್ಲವಂತೆ. ಮಧ್ಯಾಹ್ನ ಉಂಡು, ಕೈ ತೊಳೆದು, ಹೊಸ ಸೀರೆ ಉಟ್ಟು, ಸ್ವಲ್ಪ ಅಡ್ಡಾಗುತ್ತೀನಿ ಎಂದು ಮಲಗಿದವಳು ಏಳಲಿಲ್ಲ. ಮಲಗುವ ಮುಂಚೆ ಸೊಸೆಗೆ, ಅವನಿಗೆ ಮಾತಾಡೋಕೆ ಯಾರೂ ಇಲ್ಲ ಅಂದಿದ್ದಳಂತೆ.

ಅಕ್ಕ ಫೋನು ಇಟ್ಟು ರೊಟ್ಟಿ ಒಲೆಯ ಮುಂದೆ ಕೂತಳು. ಹಿಟ್ಟಿನ ಕೈಯಲ್ಲೇ ಅತ್ತಳು, ತಾಯಿ ಸತ್ತವಳ ಹಾಗೆ. ನಾನು ಬೆನ್ನು ಸವರಿದೆ. ಹೊಳೆ ತಿರುಗಿ ಕೇಳುತ್ತದೆ ಎಂದ ಮರಿಬಸಪ್ಪನವರ ತಾಯಿಯ ಮಾತು ನನ್ನ ನಾಲಗೆಯ ತುದಿಗೆ ಬಂದಿತ್ತು. ನುಂಗಿಕೊಂಡೆ.

"ಮುಂದಿನ ಮಾನಮಿಗಿ ನಾ ಅಲ್ಲಿಗಿ ಹೋಗ್ತೀನಿ," ಎಂದಳು ಅಕ್ಕ, ಕಣ್ಣು ಒರೆಸಿಕೊಂಡು. "ಬ್ಯಾರೆ ಗಡಿಗಿ, ಬ್ಯಾರೆ ಒಲಿ ಬ್ಯಾಡ ಅಂತ ಉಮಾಪತಿಗಿ ಹೇಳೀನಿ. ಗಂಡ ಹೆಂಡ್ತಿ ಇಬ್ಬರಿಗೂ ಎರಡು ಎಲಿ ಹಾಕಿ, ಬಾಗಿಲ ಮುಚ್ಚಿ, ನಾ ಹೊರಗ ಕುಂದರ್ತೀನಿ."